ಲಾರಿ ಡ್ರೈವರುಗಳಿಗೆ ಡೀಸೆಲ್ ಉಳಿಸುವ ತರಬೇತಿ: ಏನು ಕಲಿಸಬೇಕು, ಹೇಗೆ ಅಳೆಯಬೇಕು?

ಬದಿಯಡ್ಕದ ಲಾರಿಯವ:

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಆರು ಲಾರಿಗಳಿವೆ. ಎರಡು ಆರು ಚಕ್ರದ ಹಳೇ ಬಿಎಸ್‑3 (ಬಿಎಸ್ ಅಂದರೆ ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ ನಿಯಮ), ಕೋರೆಯಿಂದ ಕೆಂಪುಕಲ್ಲು ಹೇರಿಕೊಂಡು ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಗೆ ಓಡುತ್ತವೆ. ಉಳಿದ ನಾಲ್ಕು ಹತ್ತು ಚಕ್ರದವು. ಎರಡು ಬಿಎಸ್‑4, ಎರಡು ಬಿಎಸ್‑6. ಅವುಗಳಲ್ಲಿ ಎರಡು ಮಂಗಳೂರಿನಿಂದ ಹೆದ್ದಾರಿ 66ರಲ್ಲಿ ಕಣ್ಣೂರು, ಕಲ್ಲಿಕೋಟೆಗೆ ಹೋಗುತ್ತವೆ. ಇನ್ನೆರಡು ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ದಾರಿಯಾಗಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಮೈಸೂರು ಕಡೆಗೆ.

ಒಂದೇ ಲಾರಿ, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಲೋಡ್. ಆದರೂ ಡ್ರೈವರ್ ಬದಲಾದರೆ ಮೈಲೇಜ್ ಲೀಟರಿಗೆ 3.6ರಿಂದ 4.2 ಕಿ.ಮೀ.ವರೆಗೆ ಏರಿಳಿಯುತ್ತದೆ. ಈಗ ಲೋಡ್ ಕೊಡುವ ಕಂಪನಿಯೊಂದು ವರ್ಷದ ಹೊಗೆಯ (ಇಂಗಾಲದ ಡೈಆಕ್ಸೈಡಿನ) ಲೆಕ್ಕವನ್ನೂ ಕೇಳುತ್ತಿದೆ, ಅದನ್ನು ಇಳಿಸಲು ಏನು ಮಾಡಿದ್ದೀರಿ ಎಂದೂ ಕೇಳುತ್ತಿದೆ. ಹಾಗಾಗಿ ಡ್ರೈವರುಗಳಿಗೆ ಸರಿಯಾದ ತರಬೇತಿ ಕೊಡಿಸಬೇಕೆಂದಿದ್ದೇನೆ.

ನನ್ನ ಪ್ರಶ್ನೆಗಳು: ನಿಜವಾಗಿ ಕಲಿಸಬೇಕಾದ ವಿಷಯ ಯಾವುದು? ತರಗತಿಯಲ್ಲಿ ಎಷ್ಟು, ರಸ್ತೆಯಲ್ಲಿ ಎಷ್ಟು? ಉಳಿತಾಯ ತರಬೇತಿಯಿಂದಲೇ ಬಂತು ಎಂದು ಹೇಗೆ ಗೊತ್ತುಮಾಡಿಕೊಳ್ಳುವುದು? ಇನ್ನೊಂದು, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಅಂತ ಎಲ್ಲ ಡ್ರೈವರುಗಳೂ ಹೇಳುತ್ತಾರೆ. ಅವರಿಗೆ ಏನು ಹೇಳಬೇಕು?

ಸುಳ್ಯದ ಟ್ರೈನರ್:

ಬದಿಯಡ್ಕದಣ್ಣಾ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜೀವ ಹೋಗುವ ವಿಷಯ ಅದೊಂದೇ.

ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ ಕಾಮನ್ ರೈಲ್ ಇಂಜಿನಿನಲ್ಲಿ (ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ಹೊಸ ಬಗೆಯದು) ಇಂಜೆಕ್ಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಇಂಜಿನನ್ನು ತಿರುಗಿಸುತ್ತಿರುತ್ತದೆ, ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದ ಕ್ಷಣ ಇಂಜಿನ್ ತಾನೇ ತಿರುಗಬೇಕು, ಆಗ ಐಡಲಿಂಗಿನ ಡೀಸೆಲ್ ಬೇಕೇ ಬೇಕು. ಹಳೇ ಬಿಎಸ್‑3 ಪಂಪಿನಲ್ಲೂ ಡೀಸೆಲ್ ಹಿಡಿತದಲ್ಲಿಡುವ ಗವರ್ನರ್ ಇದೇ ಕೆಲಸ ಮಾಡುತ್ತದೆ. ಡ್ರೈವರುಗಳು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲಿನಲ್ಲಿ ಲಾರಿ ಹೆಚ್ಚು ದೂರ ಉರುಳುತ್ತದೆ, ಅದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅದನ್ನು ಅಲ್ಲಗಳೆದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಒಪ್ಪಿಕೊಳ್ಳಿ, ಆಮೇಲೆ ಹೇಳಿ: ಅಂಥಲ್ಲಿ ಟಾಪ್ ಗೇರಿನಲ್ಲೇ ಇದ್ದು ಕಾಲನ್ನು ಕೂದಲೆಳೆಯಷ್ಟು ಇಟ್ಟರೂ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ನಿಜವಾದ ಇಳಿಜಾರಿನಲ್ಲಿ ಮಾತ್ರ ನ್ಯೂಟ್ರಲಿನಿಂದ ನಷ್ಟವೇ. ಇಂಜಿನ್ ಹಿಡಿತ ಇಲ್ಲ, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಇಂಜಿನ್ ಮೂಲಕ ವೇಗ ಇಳಿಸುವುದು) ಕೆಲಸ ಮಾಡುವುದಿಲ್ಲ, ಭಾರವೆಲ್ಲ ಡ್ರಮ್ಮಿನ ಮೇಲೆ ಬಿದ್ದು ಲೈನರ್ ಕಾಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಇಂಜಿನನ್ನೇ ಆಫ್ ಮಾಡಿ ಉರುಳಿಸುವವರೂ ಇದ್ದಾರೆ. ಆಗ ಕಂಪ್ರೆಸರ್ ನಿಲ್ಲುತ್ತದೆ, ನಾಲ್ಕಾರು ಸಲ ಪೆಡಲ್ ಒತ್ತುವಷ್ಟರಲ್ಲಿ ಗಾಳಿ ಇಳಿಯುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ಸಂಪಾಜೆಯ ತಿರುವುಗಳಲ್ಲಿ ಹೀಗಾದರೆ ಲಾರಿ ಹಿಡಿತಕ್ಕೆ ಸಿಗುವುದಿಲ್ಲ.

ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್. ಇಳಿಯುವಾಗ ಆರ್‌ಪಿಎಂ 1800, 2000 ಆದರೂ ಹೆದರಬೇಡಿ, ಕೆಂಪು ಗೆರೆ ಮುಟ್ಟದಿದ್ದರೆ ಸಾಕು. ಆಗ ಡೀಸೆಲ್ ಹೋಗುತ್ತಿಲ್ಲ, ಎಕ್ಸಾಸ್ಟ್ ಬ್ರೇಕಿಗೂ ಆ ವೇಗದಲ್ಲೇ ಬಲ. "ಆರ್‌ಪಿಎಂ ಏರಿದರೆ ಡೀಸೆಲ್ ಹೋಯಿತು" ಎಂದು ಅರ್ಧ ಪಾಠ ಕಲಿತವರು ಘಾಟಿಯಲ್ಲಿ ಮೇಲಿನ ಗೇರಿಗೆ ಹೋಗಿಬಿಡುತ್ತಾರೆ. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿಯೇ ಕಲಿಸಬೇಕು.

ಇನ್ನು ಡೀಸೆಲ್ ನಿಜವಾಗಿ ಎಲ್ಲಿ ಹೋಗುತ್ತದೆ? ಬ್ರೇಕಿನಲ್ಲಿ. 28 ಟನ್ ತೂಕದ ಲಾರಿ 60ರಲ್ಲಿ ಓಡುವಾಗ ಅದರಲ್ಲಿ ತುಂಬಿರುವ ಚಲನಶಕ್ತಿ ಸುಮಾರು 3.9 ಮೆಗಾಜೂಲ್. ಒಂದು ಲೀಟರ್ ಡೀಸೆಲಿನಲ್ಲಿ 36 ಮೆಗಾಜೂಲ್ ಇದ್ದರೂ ಚಕ್ರಕ್ಕೆ ಬಂದು ಮುಟ್ಟುವುದು 13–14 ಮಾತ್ರ. ಅಂದರೆ ಒಮ್ಮೆ ಬ್ರೇಕ್ ಒತ್ತಿ ನಿಲ್ಲಿಸಿ ಪುನಃ 60ಕ್ಕೆ ತರಲು ಕಾಲು ಲೀಟರಿಗಿಂತ ಮೇಲೆ ಬೇಕು. 60ರಿಂದ 20ಕ್ಕೆ ಇಳಿಸಿದರೂ ಆ ಶಕ್ತಿಯಲ್ಲಿ ಒಂಬತ್ತರಲ್ಲಿ ಎಂಟು ಪಾಲು ಹೋದಂತೆಯೇ. ಡ್ರೈವರುಗಳಿಗೆ ಮೆಗಾಜೂಲ್ ಬೇಡ, "ಒಂದು ಹಂಪಿಗೆ ಕಾಲು ಲೀಟರ್" ಅಂದರೆ ತಲೆಗೆ ಹತ್ತುತ್ತದೆ.

ಹಾಗಾಗಿ ಕಲಿಸಬೇಕಾದ ಮೊದಲ ವಿಷಯ ಕಣ್ಣಿನದು, ಆಮೇಲೆ ಕಾಲಿನದು. 300–400 ಮೀಟರ್ ಮುಂದೆ ನೋಡಬೇಕು. ಸಿಗ್ನಲ್ ಕೆಂಪಾಗಿದೆ, ಬಸ್ಸು ಸ್ಟಾಪಿಗೆ ಎಳೆಯುತ್ತಿದೆ, ಮುಂದೆ ಹಂಪ್ ಇದೆ ಅಂತ ಕಂಡಾಗಲೇ ಗೇರ್ ಹಾಗೆಯೇ ಇಟ್ಟು ಕಾಲು ತೆಗೆಯಬೇಕು. ಬ್ರೇಕ್ ಕೊನೆಯ 30 ಮೀಟರಿಗೆ ಸಾಕು. ಎದುರಿನ ಗಾಡಿಗೆ ಅಂಟಿಕೊಂಡು ಹೋದರೆ ಇದು ಸಾಧ್ಯವಿಲ್ಲ, ಅವನು ಒತ್ತಿದಾಗಲೆಲ್ಲ ನೀವೂ ಒತ್ತಬೇಕಾಗುತ್ತದೆ. ಮೂರು ನಾಲ್ಕು ಸೆಕೆಂಡಿನ ಅಂತರ ಇಟ್ಟರೆ ಸುರಕ್ಷೆಯೂ ಆಯಿತು, ಡೀಸೆಲೂ ಉಳಿಯಿತು.

ಗೇರಿನ ವಿಷಯ. ಲೋಡ್ ಇದ್ದರೆ ಒಂದನೇ ಗೇರಿನಲ್ಲೇ ಎತ್ತಿ, ಆದರೆ ಗಾಡಿ ತನ್ನ ಉದ್ದದಷ್ಟು ಉರುಳಿದ ಕೂಡಲೇ ಎರಡಕ್ಕೆ ಹೋಗಿ. ಕೆಳಗಿನ ಗೇರುಗಳಲ್ಲಿ 1300–1400ಕ್ಕೇ ಬದಲಾಯಿಸಿ, ಮೇಲಿನವುಗಳಲ್ಲಿ 1500–1600. 2000ದವರೆಗೆ ಎಳೆಯುವುದು ಬರೀ ಸದ್ದು. ಖಾಲಿ ಗಾಡಿಯಾದರೆ ಸಮತಟ್ಟಿನಲ್ಲಿ ಎರಡರಿಂದ ನಾಲ್ಕಕ್ಕೆ ಹಾರಿಸಬಹುದು. ಚಡವಿನಲ್ಲಿ (ಏರು ದಾರಿಯಲ್ಲಿ) ನಮ್ಮವರು ಮಾಡುವ ತಪ್ಪು ಎರಡು ಬಗೆಯದು: ಚಡವು ಕಂಡ ಕೂಡಲೇ ಗೇರ್ ಇಳಿಸಿ ರೇಸ್ ಮಾಡುವುದು ಒಂದು, ಇಂಜಿನ್ ನಡುಗಿ ಕಪ್ಪು ಹೊಗೆ ಕಾರುವವರೆಗೆ ಮೇಲಿನ ಗೇರಿನಲ್ಲೇ ಎಳೆಯುವುದು ಇನ್ನೊಂದು. ಹೆಚ್ಚಿನ ಇಂಜಿನುಗಳಲ್ಲಿ ಪೂರ್ತಿ ಟಾರ್ಕ್ ಸಿಗುವುದು 1200ರಿಂದ 1600ರ ಒಳಗೆ. 1200ಕ್ಕೆ ಇಳಿಯುವವರೆಗೆ ಕಾಯಿರಿ, ಆಮೇಲೆ ಒಂದು ಗೇರ್ ಇಳಿಸಿ. ನಿಮ್ಮ ಗಾಡಿಯ ಮೀಟರಿನಲ್ಲಿ ಹಸಿರು ಪಟ್ಟಿ ಎಲ್ಲಿದೆಯೋ ಅದೇ ಅಂತಿಮ.

ಹಳೇ ಬಿಎಸ್‑3 ಲಾರಿಗಳಲ್ಲಿ ಆರ್‌ಪಿಎಂ ಮೀಟರ್ ಸತ್ತಿರುತ್ತದೆ. ಮೆಕ್ಯಾನಿಕನ ಹತ್ತಿರ ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ಇದ್ದರೆ ಪ್ರತಿ ಗೇರಿನಲ್ಲೂ 1400 ಆರ್‌ಪಿಎಂಗೆ ಸ್ಪೀಡ್ ಎಷ್ಟು ಎಂದು ನೋಡಿ, ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಅಷ್ಟು ಸಾಕು.

ಸ್ಪೀಡಿನ ಬಗ್ಗೆ ಒಂದೇ ಲೆಕ್ಕ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿ ಸುಮಾರು 39 ಕಿ.ಮೀ. 80ರಲ್ಲಿ ಹೋದರೆ 60ಕ್ಕಿಂತ ಹತ್ತು ನಿಮಿಷ ಬೇಗ ಮುಟ್ಟುತ್ತೀರಿ. ಗಾಳಿಯ ತಡೆ ವೇಗದ ವರ್ಗದಷ್ಟು ಏರುವುದರಿಂದ 80ರಲ್ಲಿ ಅದು 60ರಲ್ಲಿದ್ದದ್ದಕ್ಕಿಂತ ಮುಕ್ಕಾಲು ಪಾಲು ಹೆಚ್ಚು. ಲೋಡ್ ಇರುವ ಹತ್ತು ಚಕ್ರದ ಲಾರಿಗೆ ಆ ಹತ್ತು ನಿಮಿಷದ ಬೆಲೆ ಅಂದಾಜು ಎರಡು ಲೀಟರ್. ಸಡಿಲ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿದ್ದರೆ ಇನ್ನೂ ಹೆಚ್ಚು. 60–65ರಲ್ಲಿ ಒಂದೇ ಸಮ ಹೋಗುವುದು ಲೇಸು.

ತರಬೇತಿ ಹೇಗೆ ಅಂದರೆ, ತರಗತಿ ಎರಡು ಗಂಟೆ ಮೀರಬಾರದು. ಉಳಿದದ್ದು ರಸ್ತೆಯಲ್ಲಿ, ಅವರು ದಿನವೂ ಓಡಿಸುವ ಲಾರಿಯಲ್ಲೇ, ಲೋಡ್ ಹಾಕಿಕೊಂಡು, ಒಂದು ಸಲಕ್ಕೆ ಇಬ್ಬರು. ಚೆರ್ಕಳದಿಂದ ಮುಳ್ಳೇರಿಯ ದಾರಿಯಲ್ಲಿ 10–12 ಕಿ.ಮೀ. ಹೋಗಿ ತಿರುಗಿ ಬಂದರೆ ಚಡವು, ಇಳಿಜಾರು, ತಿರುವು, ಪೇಟೆ ಎಲ್ಲ ಸಿಗುತ್ತದೆ. ಮೊದಲ ಸುತ್ತು ಅವರ ಇಷ್ಟದಂತೆ, ನೀವು ಮಾತಾಡಬಾರದು. ಡೀಸೆಲ್, ಸಮಯ, ಬ್ರೇಕ್ ಒತ್ತಿದ ಸಲ, ಗೇರ್ ಬದಲಾಯಿಸಿದ ಸಲ ಬರೆದುಕೊಳ್ಳಿ. ಎರಡನೇ ಸುತ್ತಿನಲ್ಲಿ ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಿ. ಸಮಯ ಹೆಚ್ಚುಕಡಿಮೆ ಅಷ್ಟೇ ಇದ್ದು ಬ್ರೇಕ್ ಅರ್ಧಕ್ಕೆ ಇಳಿದದ್ದನ್ನು ಕಾಗದದಲ್ಲಿ ಕಂಡರೆ ಡ್ರೈವರಿಗೆ ಬೇರೆ ಉಪದೇಶ ಬೇಡ. ಕಲಿಸುವಾಗ ಭಾಷೆ ನೋಡಿಕೊಳ್ಳಿ. ನಮ್ಮ ಕಡೆ ಒಂದೇ ಕ್ಯಾಬಿನಿನಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲ ಇರುತ್ತದೆ, ಅವರವರ ಭಾಷೆಯಲ್ಲಿ ಹೇಳಿದರೆ ಮಾತ್ರ ನಿಲ್ಲುತ್ತದೆ.

ಹೊರಗಿನಿಂದ ತರಬೇತಿ ಬೇಕಾದರೆ ಪೆಟ್ರೋಲಿಯಂ ಇಲಾಖೆಯಡಿ 1978ರಿಂದ ಇರುವ ಇಂಧನ ಉಳಿತಾಯ ಸಂಸ್ಥೆ ಪಿಸಿಆರ್‌ಎ ಡ್ರೈವರುಗಳಿಗೆ ಇಂಧನ ಉಳಿತಾಯದ ತರಬೇತಿ ನಡೆಸುತ್ತದೆ. ಕೇರಳದಲ್ಲಿ ಎಡಪ್ಪಾಳಿನಲ್ಲಿ ಐಡಿಟಿಆರ್ ಎಂಬ ಡ್ರೈವರ್ ತರಬೇತಿ ಕೇಂದ್ರ ಇದೆ. ಆದರೆ ನಿಮ್ಮ ಡ್ರೈವರುಗಳಲ್ಲೇ ಒಳ್ಳೆ ಮೈಲೇಜ್ ತರುವ ಒಬ್ಬರನ್ನು ಮೊದಲು ಕಳಿಸಿ. ಅವರೇ ಬಂದು ಉಳಿದವರಿಗೆ ಕಲಿಸುವಂತಾಗಬೇಕು.

ಡೀಸೆಲ್ ಮೆಕ್ಯಾನಿಕ್, ಕಾಸರಗೋಡು:

ಟ್ರೈನರ್ ಮಾಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಗಾಡಿ ಸರಿಯಿಲ್ಲದೆ ಡ್ರೈವರಿಗೆ ಪಾಠ ಹೇಳಿದರೆ ನೀರಲ್ಲಿ ಹೋಮ ಮಾಡಿದ ಹಾಗೆ. ತರಬೇತಿಗೆ ಒಂದು ವಾರ ಮೊದಲು ಇಷ್ಟು ನೋಡಿ.

ಟಯರಿನ ಗಾಳಿ. ರಾಡಿನಿಂದ ತಟ್ಟಿ ಸದ್ದು ಕೇಳಿದರೆ ಪಂಚರ್ ಆದದ್ದು ಗೊತ್ತಾಗುತ್ತದೆ, 20 ಪಿಎಸ್‌ಐ ಕಡಿಮೆ ಇದ್ದದ್ದು ಗೊತ್ತಾಗುವುದಿಲ್ಲ. ಜೋಡಿ ಚಕ್ರದಲ್ಲಂತೂ ಒಂದು ಇನ್ನೊಂದರ ಭಾರ ಹೊತ್ತುಕೊಂಡು ನಿಲ್ಲುತ್ತದೆ, ಕಣ್ಣಿಗೂ ಕಾಣುವುದಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಗಾಡಿ ಹೊರಡುವ ಮೊದಲು ಗೇಜ್ ಹಾಕಿ. 10.00–20 ರೇಡಿಯಲ್ ಟಯರಿಗೆ ಲೋಡಿನಲ್ಲಿ ಸಾಮಾನ್ಯವಾಗಿ 110–120 ಪಿಎಸ್‌ಐ ಬೇಕು. ಟಯರ್ ಕಂಪನಿಯ ಪಟ್ಟಿಯನ್ನೇ ನೋಡಿ ಹಾಕಿ. ಎಲ್ಲ ಟಯರುಗಳಲ್ಲೂ 10 ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು ನೂರಕ್ಕೆ ಒಂದರಷ್ಟು ಬೀಳುತ್ತದೆ, ಟಯರಿನ ಸವೆತ ಬೇರೆ. ಬಿಸಿಯಾದ ಟಯರಿನಲ್ಲಿ ಗಾಳಿ ಜಾಸ್ತಿ ತೋರಿಸಿತೆಂದು ಬಿಡಬೇಡಿ. ತಣ್ಣಗಾದ ಮೇಲೆ ಅದು ಕಡಿಮೆಯೇ ಆಗಿರುತ್ತದೆ.

ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಹತ್ತು ಕಿ.ಮೀ. ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪ್ರತಿ ಡ್ರಮ್ ಅಳೆಯಿರಿ. ಒಂದು ಉಳಿದವುಗಳಿಗಿಂತ 30–40 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಅಲ್ಲಿ ಬ್ರೇಕಿನ ಸಡಿಲ ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಬಿಗಿಯಾಗಿದೆ, ಇಲ್ಲವೇ ಲೈನರ್ ಹಿಂದಕ್ಕೆ ಬರುತ್ತಿಲ್ಲ.

ನಿಮ್ಮ ಕೋರೆ ಲಾರಿಗಳಿಗೆ ಏರ್ ಫಿಲ್ಟರಿನ ಧೂಳೇ ದೊಡ್ಡ ಶತ್ರು. ಕೆಂಪುಕಲ್ಲಿನ ಧೂಳು ಹಿಟ್ಟಿನ ಹಾಗೆ ಒಳಗೆ ಕೂತು, ಇಂಜಿನಿಗೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ಬೇಸಿಗೆಯಲ್ಲಿ ಕಂಪನಿ ಹೇಳಿದ ಕಿಲೋಮೀಟರ್ ವರೆಗೆ ಕಾಯಬೇಡಿ, ಇಂಡಿಕೇಟರ್ ಕೆಂಪು ತೋರಿಸಿದರೆ ಬಿಚ್ಚಿ. ಫಿಲ್ಟರನ್ನು ನೆಲಕ್ಕೆ ಬಡಿಯಬಾರದು, ಕಾಗದದ ಮಡಿಕೆ ಹರಿದು ಧೂಳು ನೇರ ಟರ್ಬೋಗೆ ಹೋಗುತ್ತದೆ. ಗಾಳಿ ಹೊಡೆಯುವುದಿದ್ದರೆ ಒಳಗಿನಿಂದ ಹೊರಕ್ಕೆ, 2–3 ಬಾರ್ ಮೀರದಂತೆ. ಒಳಗಿನ ಸಣ್ಣ ಸೇಫ್ಟಿ ಫಿಲ್ಟರನ್ನು ತೊಳೆಯುವುದು, ಊದುವುದು ಬೇಡ, ಬದಲಾಯಿಸುವುದೇ.

ಬಿಎಸ್‑3 ಗಾಡಿಯ ಪಂಪಿನ ಸೀಲ್ ಇದೆಯೇ ನೋಡಿ. ಎಳೆತ ಹೆಚ್ಚಲಿ ಎಂದು ಸೀಲ್ ಒಡೆದು ಡೀಸೆಲ್ ಹೆಚ್ಚು ಬಿಡುವಂತೆ ತಿರುಗಿಸಿದ ಗಾಡಿಗಳು ಬಹಳ ಇವೆ. ಆ ಹೆಚ್ಚಿನ ಡೀಸೆಲ್ ಉರಿಯಲು ಸಾಕಷ್ಟು ಗಾಳಿಯಿಲ್ಲ, ಹೊಗೆಯಾಗಿ ಹೋಗುತ್ತದೆ. ಅಂಥ ಗಾಡಿ ಹೊಗೆ ತಪಾಸಣೆಯಲ್ಲೂ ಮಿತಿಯ ಅಂಚಿನಲ್ಲೇ ಇರುತ್ತದೆ. ಪಂಪ್ ಬೆಂಚಿನಲ್ಲಿಟ್ಟು ಸರಿ ಮಾಡಿಸಿ.

ಬಿಎಸ್‑6 ಬಗ್ಗೆ ಆಮೇಲೆ ಬರೆಯುತ್ತೇನೆ, ಅದು ಬೇರೆಯೇ ಪಾಠ.

ಮಂಜೇಶ್ವರದ ಲೆಕ್ಕದವರು:

ಅಳೆಯುವುದರ ಬಗ್ಗೆ ನಾನು ಹೇಳುತ್ತೇನೆ, ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲೇ.

ಮೊದಲು ಓಡೋಮೀಟರ್. ಹೆದ್ದಾರಿಯ ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ 20 ಕಿ.ಮೀ. ಓಡಿಸಿ ಹೋಲಿಸಿ. ನೂರಕ್ಕೆ ಮೂರು ತಪ್ಪು ತೋರಿಸುವ ಮೀಟರಿನಲ್ಲಿ ನೂರಕ್ಕೆ ಐದರ ಉಳಿತಾಯ ಹುಡುಕುವುದು ಕಷ್ಟ. ಟ್ಯಾಂಕ್ ಫುಲ್ ಮಾಡುವುದು ಯಾವಾಗಲೂ ಒಂದೇ ಬಂಕಿನಲ್ಲಿ, ಸಮತಟ್ಟಾದ ಜಾಗದಲ್ಲಿ, ನಾಝಲ್ ಒಮ್ಮೆ ತಾನೇ ಕಟ್ ಆದಲ್ಲಿಗೆ ನಿಲ್ಲಿಸಿ. ಒಮ್ಮೆ ಕತ್ತಿನವರೆಗೆ, ಇನ್ನೊಮ್ಮೆ ಕಟ್ ಆಗುವವರೆಗೆ ಹಾಕಿದರೆ ನಾಲ್ಕೈದು ಲೀಟರ್ ಆಚೀಚೆ.

ಸರಾಸರಿ ತೆಗೆಯುವಾಗ ಎಲ್ಲರೂ ಬೀಳುವ ಗುಂಡಿ ಒಂದಿದೆ. ಲೋಡ್ ಹಾಕಿ 200 ಕಿ.ಮೀ. ಹೋಗುವಾಗ ಮೈಲೇಜ್ 3.2, ಖಾಲಿ ಬರುವಾಗ 5.5 ಅಂದುಕೊಳ್ಳಿ. ಎರಡನ್ನೂ ಕೂಡಿ ಭಾಗಿಸಿದರೆ 4.35 ಬರುತ್ತದೆ, ಅದು ತಪ್ಪು. ಹೋಗುವಾಗ 62.5 ಲೀಟರ್, ಬರುವಾಗ 36.4, ಒಟ್ಟು 98.9. 400 ಕಿ.ಮೀ.ಗೆ ನಿಜವಾದ ಮೈಲೇಜ್ 4.04. ಯಾವಾಗಲೂ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ.

ದಾರಿ ಬೇರೆ ಇರುವ ಡ್ರೈವರುಗಳನ್ನು ಹೋಲಿಸಲೇಬೇಡಿ. 28 ಟನ್ ಲಾರಿಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಯಾರೇ ಓಡಿಸಲಿ, ಸುಮಾರು ಎರಡು ಲೀಟರ್ ಹೆಚ್ಚು ಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ. ಅಂದರೆ ಕರಾವಳಿಯಿಂದ ಅಲ್ಲಿಗೆ ಲೋಡ್ ಹೊತ್ತ ಡ್ರೈವರ್ ಎತ್ತರಕ್ಕೇ 22 ಲೀಟರ್ ಸುರಿದಿದ್ದಾನೆ. ಅವನ ಮೈಲೇಜನ್ನು ಕಲ್ಲಿಕೋಟೆಗೆ ಹೋಗುವವನ ಪಕ್ಕ ಬರೆದು ಗೋಡೆಗೆ ಅಂಟಿಸುವುದು ಅನ್ಯಾಯ. ಹೋಲಿಕೆ ಯಾವಾಗಲೂ ಅದೇ ಡ್ರೈವರಿನ, ಅದೇ ದಾರಿಯ, ಅದೇ ಲಾರಿಯ ಹಿಂದಿನ ಲೆಕ್ಕದ ಜೊತೆಗೆ.

ತರಬೇತಿಗೆ ಮೊದಲು ಕನಿಷ್ಠ ಆರು ವಾರದ ಲೆಕ್ಕ ಇರಬೇಕು. ನಮ್ಮೂರಿನಲ್ಲಿ ಇನ್ನೊಂದು ತೊಡಕು, ಮಳೆ. ಏಪ್ರಿಲ್–ಮೇಯಲ್ಲಿ ಮೊದಲ ಲೆಕ್ಕ ತೆಗೆದು ಜೂನಿನಲ್ಲಿ ತರಬೇತಿ ಕೊಟ್ಟರೆ, ಜುಲೈಯಲ್ಲಿ ಒದ್ದೆ ರಸ್ತೆ, ಹೊಂಡ, ಬ್ಲಾಕ್ ಎಲ್ಲ ಸೇರಿ ಉಳಿತಾಯವನ್ನು ನುಂಗಿಬಿಡುತ್ತದೆ. ಆಗ "ತರಬೇತಿ ದಂಡ" ಅನ್ನಿಸುತ್ತದೆ. ಉಲ್ಟಾ ಮಾಡಿದರೆ ಇಲ್ಲದ ಉಳಿತಾಯ ಕಾಣುತ್ತದೆ. ಅದಕ್ಕೆ ಪ್ರತಿ ದಾರಿಯಲ್ಲೂ ಒಂದು ಲಾರಿಯ ಡ್ರೈವರಿಗೆ ತರಬೇತಿಯನ್ನು ಎರಡು ತಿಂಗಳು ತಡವಾಗಿ ಕೊಡಿ. ಎರಡೂ ಲಾರಿಗಳಿಗೆ ಮಳೆ ಒಂದೇ. ತಮ್ಮ ತಮ್ಮ ಹಿಂದಿನ ಲೆಕ್ಕಕ್ಕಿಂತ ಎರಡರಲ್ಲೂ ಎಷ್ಟು ಬದಲಾಯಿತು ನೋಡಿ, ಆ ಬದಲಾವಣೆಗಳ ನಡುವಿನ ವ್ಯತ್ಯಾಸವೇ ತರಬೇತಿಯ ಫಲ.

ಕಂಪನಿಗೆ ಕೊಡುವ ಲೆಕ್ಕ ಕಷ್ಟವಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ 2.6ರಿಂದ 2.7 ಕೆಜಿ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 8,000 ಕಿ.ಮೀ. ಓಡುವ ಲಾರಿ 3.8ರಿಂದ 4.1ಕ್ಕೆ ಬಂದರೆ 2,105 ಲೀಟರ್ ಇದ್ದದ್ದು 1,951 ಆಗುತ್ತದೆ. 154 ಲೀಟರ್ ಉಳಿಯಿತು, 400 ಕೆಜಿಯಷ್ಟು ಹೊಗೆ ಕಡಿಮೆ. ಟನ್‑ಕಿಲೋಮೀಟರ್ ಲೆಕ್ಕ ಕೇಳಿದರೆ ಮೇಲಿನ ಟ್ರಿಪ್ಪನ್ನೇ ನೋಡಿ: 18 ಟನ್ ಸರಕು 200 ಕಿ.ಮೀ. ಹೋಯಿತು, 3,600 ಟನ್‑ಕಿ.ಮೀ. 98.9 ಲೀಟರಿಗೆ ಸುಮಾರು 262 ಕೆಜಿ, ಅಂದರೆ ಟನ್‑ಕಿ.ಮೀ.ಗೆ 73 ಗ್ರಾಂ. ಖಾಲಿ ಬಂದ 36 ಲೀಟರ್ ಕೂಡ ಇದರಲ್ಲೇ ಇದೆ. ಮಾಲಕರು ವಾಪಸ್ ಲೋಡ್ ಹುಡುಕಿದರೆ ಟನ್ನಿನ ಲೆಕ್ಕದಲ್ಲಿ ಇಳಿಯುವ ಹೊಗೆ ಯಾವ ತರಬೇತಿಯಿಂದ ಇಳಿಯುವುದಕ್ಕಿಂತಲೂ ಹೆಚ್ಚು.

ಹೈವೇ ಡ್ರೈವರ್, ಕುಂಬಳೆ:

ಸ್ಟೀರಿಂಗ್ ಹಿಡಿಯುವವರ ಕಡೆಯಿಂದಲೂ ಎರಡು ಮಾತು.

60ರಲ್ಲಿ ಹೋಗಿ ಎಂದು ಪಾಠ ಹೇಳಿ, ಸಂಜೆ ಐದಕ್ಕೆ ಗೋಡೌನ್ ಮುಚ್ಚುತ್ತದೆ, ಬೇಗ ಬಾ ಎಂದು ಫೋನ್ ಮಾಡಿದರೆ ಯಾರೂ 60ರಲ್ಲಿ ಹೋಗುವುದಿಲ್ಲ. ಲೋಡಿಂಗ್ ಎರಡು ಗಂಟೆ ತಡವಾದದ್ದನ್ನು ರಸ್ತೆಯಲ್ಲಿ ತುಂಬಿಸು ಎಂದು ಡ್ರೈವರಿಗೆ ಹೇಳುವುದು ನಿಲ್ಲಬೇಕು. ತರಬೇತಿಯ ತರಗತಿಯಲ್ಲಿ ಟ್ರಿಪ್ ಹಾಕುವ ಸೂಪರ್‌ವೈಸರನ್ನೂ ಕೂರಿಸಿ.

ಅನ್‌ಲೋಡಿಂಗ್ ಕ್ಯೂನಲ್ಲಿ ಇಂಜಿನ್ ಚಾಲೂ ಇಡುವುದು ಸೆಕೆಗೆ. ಇಂಜಿನ್ ದೊಡ್ಡದೋ ಸಣ್ಣದೋ ನೋಡಿಕೊಂಡು ಗಂಟೆಗೆ ಒಂದರಿಂದ ಎರಡೂವರೆ ಲೀಟರ್ ಹೋಗುತ್ತದೆ ಅಂತ ಗೊತ್ತು. ಆದರೆ ಮೇ ತಿಂಗಳ ಮಧ್ಯಾಹ್ನ ಕ್ಯಾಬಿನಿನಲ್ಲಿ ಮಲಗಿ ನೋಡಿ. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳಿಗೆಲ್ಲ ಎಸಿ ಕಡ್ಡಾಯ ಆಗಿರುವುದರಿಂದ ಈ ಖರ್ಚು ಏರುವುದೇ. ನೆರಳಿನ ಜಾಗ, ಕುಡಿಯುವ ನೀರು, 24 ವೋಲ್ಟಿನ ಒಂದು ಫ್ಯಾನ್, ಟೋಕನ್ ಕೊಟ್ಟು ಸರದಿ ಬಂದಾಗ ಕರೆಯುವ ವ್ಯವಸ್ಥೆ, ಇಷ್ಟು ಮಾಡಿಕೊಟ್ಟರೆ ಕೀ ನಾವೇ ತಿರುಗಿಸುತ್ತೇವೆ.

ಬದಿಯಡ್ಕದ ಲಾರಿಯವ:

ಎಲ್ಲರಿಗೂ ತುಂಬಾ ಉಪಕಾರ. ಕುಂಬಳೆಯ ಅಣ್ಣ ಹೇಳಿದ್ದು ಮನಸ್ಸಿಗೆ ನಾಟಿತು, ಟೋಕನ್ ವಿಷಯವನ್ನು ಕಂಪನಿಯವರ ಹತ್ತಿರವೇ ಎತ್ತುತ್ತೇನೆ. ಇನ್ನು ಮೂರು ಸಂಶಯ. 20–25 ಕಿ.ಮೀ. ಸುತ್ತಿಗೆ ಹೋಗುವುದೇ ಆರು ಲೀಟರ್, ಅದನ್ನು ಟ್ಯಾಂಕ್ ಫುಲ್ ಮಾಡಿ ಅಳೆಯಲು ಆಗುತ್ತದೆಯೇ? ಉಳಿತಾಯದಲ್ಲಿ ಡ್ರೈವರಿಗೆ ಪಾಲು ಕೊಡುವುದು ಸರಿಯೇ? ಬಿಎಸ್‑6 ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಹೊತ್ತುತ್ತದೆ, ಅದಕ್ಕೂ ಓಡಿಸುವ ರೀತಿಗೂ ಸಂಬಂಧ ಇದೆಯೇ?

ಸುಳ್ಯದ ಟ್ರೈನರ್:

ಆಗುವುದಿಲ್ಲ. ಆರು ಲೀಟರಿನಲ್ಲಿ ಒಂದು ಲೀಟರ್ ತಪ್ಪಾದರೆ ಲೆಕ್ಕಕ್ಕೆ ಅರ್ಥವಿಲ್ಲ. ಬಿಎಸ್‑4, ಬಿಎಸ್‑6 ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಟ್ರಿಪ್ ಮೀಟರ್ ಇಲ್ಲವೇ ಗಾಡಿಯ ಮಾಹಿತಿಯನ್ನು ಫೋನಿಗೆ ಕಳಿಸುವ ಟೆಲಿಮ್ಯಾಟಿಕ್ಸ್ ಆಪ್ ತೋರಿಸುವ ಲೀಟರನ್ನು ತೆಗೆದುಕೊಳ್ಳಿ. ಅದು ನಿಜಕ್ಕಿಂತ ಸ್ವಲ್ಪ ಆಚೀಚೆ ಇದ್ದರೂ ಎರಡೂ ಸುತ್ತಿಗೆ ಒಂದೇ ರೀತಿ ಆಚೀಚೆ ಇರುತ್ತದೆ, ಹೋಲಿಕೆಗೆ ಅಡ್ಡಿಯಿಲ್ಲ. ಬಿಎಸ್‑3 ಗಾಡಿಗೆ ಗೆರೆ ಹಾಕಿದ ಹತ್ತು ಲೀಟರಿನ ಕ್ಯಾನನ್ನು ಕ್ಯಾಬಿನಿನ ಹಿಂದೆ ಭದ್ರವಾಗಿ ಕಟ್ಟಿ ಪಂಪಿಗೆ ಅದರಿಂದ ಲೈನ್ ಕೊಡಬಹುದು. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ತರಬೇಕು, ಅದು ಹಳೇ ಟ್ಯಾಂಕಿಗೇ ಹೋಗುತ್ತಿದ್ದರೆ ಖರ್ಚು ವಿಪರೀತ ಹೆಚ್ಚು ತೋರಿಸುತ್ತದೆ. ಗಾಳಿ ತೆಗೆದ ಮೇಲೆ ಅಳತೆ ಶುರು. ಈ ಕೆಲಸ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ಕಾಮನ್ ರೈಲ್ ಗಾಡಿಯ ಲೈನನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಒಂದು ಕಣ ಕಸ ಹೋದರೂ ಇಂಜೆಕ್ಟರ್ ಕೆಡುತ್ತದೆ.

ಎರಡೂ ಸುತ್ತಿಗೆ ಮೊದಲು ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ತಣ್ಣಗಿನ ಇಂಜಿನಿನಲ್ಲಿ ಮೊದಲ ಸುತ್ತು ಹೊಡೆದರೆ ಎರಡನೆಯದು ತಾನಾಗಿಯೇ ಚೆನ್ನಾಗಿ ಕಾಣುತ್ತದೆ, ಅದು ಡ್ರೈವರಿಗೆ ಮೋಸ.

ಇನ್ನೊಂದು. ತರಬೇತಿಯ ವಾರ 10–15% ಉಳಿತಾಯ ಕಂಡರೆ ಹಿಗ್ಗಬೇಡಿ. ಹಾಗೇ ಬಿಟ್ಟರೆ ಕೆಲವು ತಿಂಗಳಲ್ಲಿ ಅದು 5% ಆಸುಪಾಸಿಗೆ ಇಳಿಯುತ್ತದೆ, ಹಳೇ ಅಭ್ಯಾಸ ವಾಪಸ್ ಬರುತ್ತದೆ. ತಿಂಗಳಿಗೊಮ್ಮೆ ಪ್ರತಿ ಡ್ರೈವರಿಗೆ ಅವನದೇ ಲೆಕ್ಕ ತೋರಿಸಿ, ಮೂರು ತಿಂಗಳಿಗೊಮ್ಮೆ ಅರ್ಧ ದಿನ ಪಕ್ಕದಲ್ಲಿ ಕೂತು ಹೋಗಿ. ಖರ್ಚು ಅಲ್ಲಿ ಮಾಡಿ, ದೊಡ್ಡ ಸಭಾಂಗಣದ ಕಾರ್ಯಕ್ರಮಕ್ಕಲ್ಲ.

ಮಂಜೇಶ್ವರದ ಲೆಕ್ಕದವರು:

ಪಾಲು ಕೊಡಿ, ಆದರೆ ಸಂಬಳ, ಬಾಟಾ ಮುಟ್ಟಬೇಡಿ. ಮೈಲೇಜ್ ಬಿದ್ದರೆ ದಂಡ ಹಾಕುವ ಕ್ರಮ ಇಟ್ಟರೆ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವುದನ್ನು ನೀವೇ ಕಲಿಸಿದ ಹಾಗಾಯಿತು. ಉಳಿದ ಲೀಟರಿನ ಬೆಲೆಯಲ್ಲಿ ಅರ್ಧ ಡ್ರೈವರಿಗೆ, ಕ್ಲೀನರ್ ಇದ್ದರೆ ಅವನಿಗೂ ಸ್ವಲ್ಪ. ಲೆಕ್ಕ ಮೂರು ತಿಂಗಳಿಗೊಮ್ಮೆ; ಒಂದೊಂದು ಟ್ರಿಪ್ಪಿಗೆ ಕೊಟ್ಟರೆ ಟ್ಯಾಂಕ್ ತುಂಬಿಸುವ ಆಟ ಶುರುವಾಗುತ್ತದೆ. ಟೆಲಿಮ್ಯಾಟಿಕ್ಸಿನಲ್ಲಿ ನ್ಯೂಟ್ರಲ್ ಓಟ, ಜಿಪಿಎಸ್ಸಿನಲ್ಲಿ 80 ಮೀರಿದ ವೇಗ ಕಂಡರೆ ಆ ತ್ರೈಮಾಸಿಕದ ಪಾಲು ಇಲ್ಲ ಎಂದು ಮೊದಲೇ ಬರೆದು ಓದಿ ಹೇಳಿ. 15% ಮೀರಿದ ಉಳಿತಾಯಕ್ಕೆ ಹಣ ಕೊಡುವ ಮೊದಲು ಓಡೋಮೀಟರ್ ಪುನಃ ಪರೀಕ್ಷಿಸಿ.

ಡೀಸೆಲ್ ಮೆಕ್ಯಾನಿಕ್, ಕಾಸರಗೋಡು:

ಡಿಪಿಎಫ್‌ಗೂ ಓಡಿಸುವ ರೀತಿಗೂ ನೇರ ಸಂಬಂಧ. 2020ರ ಏಪ್ರಿಲಿನಿಂದ ಬಂದ ಬಿಎಸ್‑6 ಗಾಡಿಗಳಲ್ಲಿ ಮಸಿ ಹೊರಗೆ ಹೋಗದಂತೆ ಡಿಪಿಎಫ್ ಹಿಡಿದಿಡುತ್ತದೆ, ಹೊಗೆ ಚೆನ್ನಾಗಿ ಬಿಸಿಯಾದಾಗ ಅದನ್ನು ಸುಟ್ಟುಹಾಕುತ್ತದೆ. ಗಂಟೆಗಟ್ಟಲೆ ಐಡಲಿಂಗ್, ಸಣ್ಣ ಸಣ್ಣ ಟ್ರಿಪ್, ಕಡಿಮೆ ಆರ್‌ಪಿಎಂನಲ್ಲಿ ಇಂಜಿನ್ ನಡುಗಿಸುತ್ತಾ ಎಳೆಯುವುದು, ಇವು ಮೂರೂ ಮಸಿ ತುಂಬಿಸುತ್ತವೆ, ಸುಡುವಷ್ಟು ಬಿಸಿ ಮಾತ್ರ ಬರುವುದಿಲ್ಲ. ಸುಡುವಾಗ ಡೀಸೆಲ್ ಬೇರೆ ಹೆಚ್ಚು ಹೋಗುತ್ತದೆ, ಹಾಗಾಗಿ ಐಡಲಿಂಗಿನ ನಷ್ಟ ಎರಡು ಸಲ.

ದೀಪ ಸುಮ್ಮನೆ ಹೊತ್ತಿದ್ದರೆ ಹೆದ್ದಾರಿಯಲ್ಲಿ 20–30 ನಿಮಿಷ ಒಂದೇ ಸಮ ಲೋಡಿನಲ್ಲಿ ಓಡಿಸಿ, ನಡುವೆ ಆಫ್ ಮಾಡಬೇಡಿ. ಚಹಾಕ್ಕೆ ನಿಲ್ಲಿಸಿ ಅರ್ಧದಲ್ಲಿ ಕೀ ತಿರುಗಿಸುವುದೇ ದೀಪ ಪದೇ ಪದೇ ಬರಲು ಮುಖ್ಯ ಕಾರಣ. ದೀಪ ಮಿನುಗತೊಡಗಿದರೆ ನಿಲ್ಲಿಸಿ ಸ್ವಿಚ್ ಒತ್ತಿ ರೀಜನರೇಶನ್ (ಮಸಿ ಸುಡುವುದು) ಮಾಡಬೇಕು. ಸೈಲೆನ್ಸರ್ ಹತ್ತಿರ ಒಣ ಹುಲ್ಲು, ಗೋಣಿ, ಇಳಿಬಿದ್ದ ಟಾರ್ಪಾಲು ಇರಬಾರದು, ಡೀಸೆಲ್ ಬಂಕಿನ ಒಳಗಂತೂ ಬೇಡವೇ ಬೇಡ. ಒಳಗಿನ ಬಿಸಿ 500–600 ಡಿಗ್ರಿಗೆ ಹೋಗುತ್ತದೆ.

ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ಲೆಕ್ಕವನ್ನೂ ಡೀಸೆಲ್ ಪುಸ್ತಕದಲ್ಲೇ ಬರೆಯಿರಿ. ಸಾಮಾನ್ಯವಾಗಿ 100 ಲೀಟರ್ ಡೀಸೆಲಿಗೆ 4–6 ಲೀಟರ್ ಬೇಕು. ತೀರಾ ಕಡಿಮೆ ಹೋಗುತ್ತಿದ್ದರೆ ಉಳಿತಾಯ ಅಂದುಕೊಳ್ಳಬೇಡಿ. ಡೋಸಿಂಗ್ ನಾಝಲಿನಲ್ಲಿ ಹರಳು ಕಟ್ಟಿದೆ, ಇಲ್ಲವೇ ಡಿಇಎಫ್ ಹೋಗುತ್ತಿದೆ ಎಂದು ಗಾಡಿಯ ಕಂಪ್ಯೂಟರಿಗೆ ಸುಳ್ಳು ತೋರಿಸುವ ಎಮ್ಯುಲೇಟರನ್ನು ಯಾರೋ ಕೂರಿಸಿದ್ದಾರೆ. ಎಮ್ಯುಲೇಟರ್ ಹಾಕಿದ ಬಿಎಸ್‑6 ಗಾಡಿಯಿಂದ ನೈಟ್ರೋಜನ್ ಆಕ್ಸೈಡ್ ತಡೆಯಿಲ್ಲದೆ ಹೊರಬರುತ್ತದೆ, ನೀವು ಕಂಪನಿಗೆ ಕೊಡುವ ಲೆಕ್ಕವೇ ಸುಳ್ಳಾಗುತ್ತದೆ. ಬಾವಿನೀರು ಬೆರೆಸಿದ ಡಿಇಎಫ್ ಹಾಕಿದರೆ ಕೆಟಲಿಸ್ಟ್ ಹಾಳಾಗಿ ಗಾಡಿ ಎಳೆತ ಕಳೆದುಕೊಳ್ಳುತ್ತದೆ, ಮತ್ತೆ ಡ್ರೈವರ್ ಕಾಲನ್ನು ನೆಲಕ್ಕೆ ಒತ್ತಲೇಬೇಕಾಗುತ್ತದೆ. ಯೂರಿಯಾ ಪ್ರಮಾಣ 32.5% ಎಂದು ನಮೂದಿಸಿದ, ಸೀಲ್ ಒಡೆಯದ ಕ್ಯಾನ್ ಮಾತ್ರ ತನ್ನಿ, ಬಿಸಿಲಿನಲ್ಲಿ ಇಡಬೇಡಿ.

ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಇಂಜಿನ್ ಆಫ್ ಮಾಡುವುದೂ ತಪ್ಪು, ಟರ್ಬೋ ತಣ್ಣಗಾಗಲು ಎರಡು ಮೂರು ನಿಮಿಷ ಬಿಡಿ. ಆಮೇಲೆ ಕೀ ತಿರುಗಿಸಿ.